ಗೇಣಿಗೊಂದು

ಬೆಳಗಿನ ಜಾವ ಐದೂಕಾಲು. ಚಿತ್ರದುರ್ಗದ ದೊಡ್ಡಾಸ್ಪತ್ರೆಯ
ಹಿಂಬಾಗಿಲು. ಜೋಗಿಮಟ್ಟಿಯಿಂದ ಇಳಿದ ಗಾಳಿ.
ಪಾಲಯ್ಯ ಕಂಬಳಿಯಲ್ಲಿ ಏನನ್ನೋ ಎದೆಗವಚಿ ನಿಂತಿದ್ದ.
ಮಗು ಅಂದುಕೊಂಡೆ. ಬಾಲ ಕಾಣಿಸಿತು.

ಗಾಳಿಫ್ಯಾನುಗಳ ಗುಡ್ಡಕ್ಕೆ ರಾತ್ರಿ ಕಾವಲು ಅವನು.
"ಸಿಮೆಂಟು ತೊಟ್ಟೀಲಿ ಬಿದ್ದಿತ್ತು ಮೇಡಂ, ರಾತ್ರಿಯೆಲ್ಲ ನೀರಾಗೆ.
ಸತ್ತೈತೋ ಇಲ್ಲೋ ಅಷ್ಟು ಹೇಳ್ರಿ.
ಸತ್ತಿದ್ರೆ ಹೂಳ್ತೀನಿ. ಜೀವ ಇರೋದನ್ನ ಹೂಳಬಾರದಲ್ಲ."

ಸತ್ತದ್ದು ಬದುಕಿದ್ದು ಹೇಳುವುದು ಡಾಕ್ಟರ ಕೆಲಸ.
ನಾನು ಇಸಿಜಿಯವಳು, ಕಾಗದ ಹರಿದು ಕೊಡುತ್ತೇನೆ.
ಡಾಕ್ಟರು ಮಲಗಿದ್ದರು.

ಉಡ.
ಉಡದ ಪಟ್ಟು ಅನ್ನುತ್ತೇವಲ್ಲ ಬಾಯಿಮಾತಿಗೆ,
ಬೆರಳು ಕೊಟ್ಟರೂ ಹಿಡಿಯಲಿಲ್ಲ ಆ ಉಗುರು.
ಮುಟ್ಟಿದರೆ ಬಿಸಿಲು ಬೀಳದ ಬದಿಯ ಬಂಡೆ.
ಮುಂಗಾಲುಗಳ ನಡುವೆ ಕ್ಲಿಪ್ಪು ಹಾಕಿದೆ, ಹಲ್ಲಿಗಿರುವಂತೆ
ಅಲ್ಲೇ ಇರಬೇಕು ಗುಂಡಿಗೆ ಎಂದು.
ಯಂತ್ರ ಕಿರುಚಿತು: ಬಡಿತವಿಲ್ಲ.
ಮನುಷ್ಯರಿಗೆಂದು ಮಾಡಿದ ಯಂತ್ರ, ಅದಕ್ಕೆ ಆತುರ.

ಆ ಕಿರುಚು ಅದೇ ಮಂಚದಲ್ಲಿ ಅದೇ ರಾತ್ರಿ ಒಮ್ಮೆ ಕೇಳಿತ್ತು.
ಹನ್ನೊಂದು ಗಂಟೆ. ಹೈವೇಯ ಪಂಕ್ಚರ್ ಅಂಗಡಿಯ ಸೈಫುಲ್ಲಾ,
ಕೈಯಲ್ಲಿ ಇನ್ನೂ ಟ್ಯೂಬಿನ ಕರಿ.
ಹೆಂಡತಿ ಖುತೇಜಾ ನನ್ನ ಕೈ ಹಿಡಿದು ಅವನ ಕಂಕುಳಲ್ಲಿಟ್ಟಳು:
"ಬೆಚ್ಚಗಿದೆ ನೋಡಿ. ಇನ್ನೊಂದು ಸಲ ನೋಡಿ."
ಬೆಚ್ಚಗೇ ಇತ್ತು.
ಇನ್ನೊಂದು ಸಲ ನೋಡಿದೆ.
ಗೆರೆ ಹಿರಿಯೂರಿನ ಹೈವೇ ಥರ ಹೋಗುತ್ತಲೇ ಇತ್ತು.

"ಸ್ವಲ್ಪ ಹಿಂದಕ್ಕೆ ಇಡ್ರಿ" ಅಂದ ಪಾಲಯ್ಯ. ಅವನಿಗೆ ಹೇಗೆ ಗೊತ್ತೆಂದು
ನಾನು ಕೇಳಲಿಲ್ಲ; ಅವರ ಅಜ್ಜಂದಿರು ಏನು ಸುಲಿದು ತಿಂದಿದ್ದರೆಂದು
ಅವನೂ ಹೇಳಲಿಲ್ಲ.
ಹೌದು, ಉಡದ ಗುಂಡಿಗೆ ಹೊಟ್ಟೆಯ ಕಡೆಗೆ ಸರಿದಿರುತ್ತದೆ,
ಚಳಿಗೆ ಮನೆಯೊಳಗೆ ಸರಿದು ಕೂತ ಮುದುಕಿಯಂತೆ.

ಕಾಗದ ಬಿಟ್ಟೆ. ಗೇಣುದ್ದ ಬಿಳಿ, ಮೇಲೆ ಗೆರೆ.
ಆಫ್ ಮಾಡಲು ಬೆರಳೆತ್ತಿದೆ.
ಒಂದು ಗುಡ್ಡ.
ಚಿಕ್ಕದು, ಮೊಂಡು, ಸವೆದದ್ದು. ಈ ಊರಿನದೇ.
ಮತ್ತೆ ಗೇಣು. ಮತ್ತೆ ಒಂದು.
ನನ್ನದು ಅಷ್ಟರಲ್ಲಿ ಹನ್ನೆರಡು ಸಲ ಬಡಿದಿತ್ತು.

ಯಾರೂ ಸತ್ತಿರಲಿಲ್ಲ. ಎಣ್ಣೆ ಗಟ್ಟಿಯಾದ ದೀಪ ಅಷ್ಟೆ:
ಹತ್ತು ಡಿಗ್ರಿ ಇಳಿದರೆ ಬಡಿತ ಅರ್ಧ,
ಮತ್ತೆ ಇಳಿದರೆ ಅದರರ್ಧ,
ಮಂದವಾದ ನೆತ್ತರು ಕಾಲುಬೆರಳಿನ ಮನೆಗಳಿಗೆ ಬೀಗ ಜಡಿದು
ಒಳಕೋಣೆಗೆ ಮಾತ್ರ ನೀರು ಹೊತ್ತಂತೆ.
ನಮಗಾಗದು. ನಮ್ಮ ಒಲೆ ಆರಬಾರದು,
ಆರಿದ ಮೇಲೂ ಅಡುಗೆಮನೆ ಒಂದು ತಾಸು ಬೆಚ್ಚಗೇ ಇರುತ್ತದೆ,
ನೋಡಿದವರು ನಂಬುತ್ತಾರೆ.

"ಬಿಸಿನೀರು ಹಾಕ್ಲಾ?" ಬೇಡ ಅಂದೆ.
ಏಳೂವರೆಗೆ ಬಾಯ್ಲರ್ ಕೋಣೆಯ ಗೋಡೆಗೆ ಬಿಸಿಲು ಬಿತ್ತು.
ಅದರ ಬುಡಕ್ಕೆ ಮಲಗಿಸಿ ಎದುರು ಕುಕ್ಕರಗಾಲಲ್ಲಿ ಕೂತೆವು,
ಒಂದೇ ಲೋಟದ ಟೀ ಅವನ ಮುಚ್ಚಳಕ್ಕೆ ಅರ್ಧ ಬಗ್ಗಿಸಿ.
ನಾನಾಮೇಲೆ ತಿಳಿದದ್ದು: ಬಿಸಿಲು ಸಿಕ್ಕೊಡನೆ ಅದರ ಗುಂಡಿಗೆ
ಮೈಗಿಂತ ಮುಂಚೆ ಎದ್ದು ಓಡುತ್ತದೆ, ಕಾವನ್ನು ಒಳಗೆ ಹೊರುತ್ತದೆ;
ಚಳಿ ಬಂದಾಗ ಕಾಲೆಳೆಯುತ್ತದೆ, ಹೊತ್ತದ್ದನ್ನು ಸುಮ್ಮನೆ ಬಿಟ್ಟುಕೊಡದೆ.
ಬೇಗ ಈಸಿಕೊಂಡು ತಡವಾಗಿ ತೀರಿಸುವ ಸಾಲಗಾರ.

ಎಂಟಕ್ಕೆ ನಾಲಿಗೆ. ಎಂಟೂಹತ್ತಕ್ಕೆ ಒಂದು ಕಣ್ಣು, ನನ್ನ ಮೇಲೆ.
ಕಂಬಳಿ ಎಳೆಯಹೋದ ಪಾಲಯ್ಯ; ಬಿಡಲಿಲ್ಲ.
"ಪಟ್ಟು ಬಂತು" ಅಂದ, ನಕ್ಕ,
ಕಂಬಳಿ ಸಮೇತ ಗುಡ್ಡದ ಕಡೆ ಹೊರಟ.

ವರಾಂಡದ ಬೆಂಚಿನ ಮೇಲೆ ಯಾರೂ ಇರಲಿಲ್ಲ.
ಸೈಫುಲ್ಲಾನದೂ ಉಡದ್ದೂ ಒಂದೇ ಸುರುಳಿಯ ಕಾಗದ,
ಅವನದು ಹರಿದಲ್ಲಿಂದ ಇದರದು ಶುರು.
ರಿಜಿಸ್ಟರಿನಲ್ಲಿ ಹೆಸರು, ವಯಸ್ಸು, ತಂದೆ ಅಥವಾ ಗಂಡ;
ಯಾವ ಖಾನೆಯೂ ಒಪ್ಪಲಿಲ್ಲ. ಕೊನೆಗೆ ಷರಾದಲ್ಲಿ ಬರೆದೆ:
ಕಾಗದ ವ್ಯರ್ಥ, ಎಂಟು ಗೇಣು.